ಹೆಸರು ಇಳಿಸಿದ ದಿನ

ಕ್ರೇನಿನವನು ಬಂದಾಗ ವರ್ಲೀನ್ ಹ್ರೂಸ್ಕಾ ಅಂಗಳದಲ್ಲಿದ್ದಳು,
ಮೈಮೇಲೆ ಗಂಡನ ಕೋಟು, ಕಾಲಲ್ಲಿ ಮನೆಯ ಚಪ್ಪಲಿ.
ಹನ್ನೊಂದು ಅಕ್ಷರ. ಒಂದೊಂದಕ್ಕೆ ನಾಲ್ಕು ನಾಲ್ಕು ಬೋಲ್ಟು.
ತುಕ್ಕು ಹಿಡಿದಿವೆ, ಕೂಲಿ ಜಾಸ್ತಿಯಾಗುತ್ತದೆ ಎಂದ.
"ಇಪ್ಪತ್ತೆರಡು ವರ್ಷ ಈ ಹೆಸರಿಗೆ ಬಾಡಿಗೆ ಕಟ್ಟಿದ್ದೇನೆ,
ಇಳಿಸುವುದಕ್ಕೂ ನಾನೇ ಕೊಡಬೇಕೆ?"
ಅವಳು ಕೇಳಿದ್ದು ಅವನನ್ನಲ್ಲ.

ನಾನು ರಾತ್ರಿ ಪಾಳಿಯವನು. ಅಂದು ಹಗಲೂ ನಿಂತಿದ್ದೆ,
ಸತ್ತವರ ಮನೆಯಲ್ಲಿ ಪರಿಚಯದವರು ನಿಲ್ಲುವ ಹಾಗೆ,
ಕೈಗೆ ಕೆಲಸವಿಲ್ಲದೆ.

ಮೊದಲು ಹೊರಳಿದ್ದು ದಾರಿ, ನಾವಲ್ಲ.
ನೆಬ್ರಾಸ್ಕಾದ ಈ ಊರಿನ ನಡುವೆ ಹಾಯ್ದಿದ್ದ ಹಳೆಯ ರಸ್ತೆ ಸೊರಗಿತು,
ದಕ್ಷಿಣಕ್ಕೆ ನಾಲ್ಕು ಮೈಲಿ ಆಚೆ ಹೆದ್ದಾರಿ ಕೊಬ್ಬಿತು.
ಕಂಪನಿಯಿಂದ ಬಂದ ಹುಡುಗ ಮೇಜಿನ ಮೇಲೆ ನಕ್ಷೆ ಬಿಡಿಸಿ
ದಿನಕ್ಕೆ ಹತ್ತೊಂಬತ್ತು ಸಾವಿರ ಗಾಡಿ ಎಂದ,
ಪೆಟ್ರೋಲ್ ಬಂಕು, ದೋಸೆಯಷ್ಟಗಲ ಪ್ಯಾನ್‌ಕೇಕ್ ಮಾಡುವ ಅಂಗಡಿ,
ಎರಡು ದಿಕ್ಕಿನಿಂದಲೂ ಕಾಣುವ ಕಂಬ.
ಬೆರಳಿಟ್ಟಲ್ಲಿ ಏನಿತ್ತು? ಜೋಳದ ಕೂಳೆ, ಮೂರು ಕಾಗೆ.
ಒಳ್ಳೆಯ ಜಾಗ ಎಂದ. ಒಳ್ಳೆಯದೇ.

ಕಾಗದ ಬಂತು:
ಹೆಸರು ಹೊಸ ಕಟ್ಟಡಕ್ಕೆ ಬರುತ್ತದೆ.
ಮಂಚ ಬರಕೂಡದು, ಪರದೆ ಬರಕೂಡದು,
ಬೆಳಗಿನ ತಿಂಡಿಯ ಆ ಹಳದಿ ತಟ್ಟೆಗಳಂತೂ ಬೇಡವೇ ಬೇಡ.
ಹಳೆಯ ಗೋಡೆಯಲ್ಲಿ ನಮ್ಮ ಗುರುತು, ನಮ್ಮ ನೀಲಿ,
ನಮ್ಮ ಸೋಪಿನ ಹೊದಿಕೆ ಸಹಿತ, ಮೂವತ್ತು ದಿನದಲ್ಲಿ ಕಾಣೆಯಾಗಬೇಕು.
ಜೀವ ಹೋಗುತ್ತದೆ, ದೇಹ ಬಿಟ್ಟು ಹೋಗಿ,
ಎಂದ ಹಾಗೆ. ಕೊನೆಗೆ ಒಂದು ಸಹಿ, ಒಂದು ಶುಲ್ಕ.

ಹೋದನ್ ಹದಿನೇಳು ವರ್ಷ ಇಲ್ಲಿ ಹಾಸಿಗೆ ಮಡಿಚಿದವಳು.
ಸೊಮಾಲಿಯಾದಿಂದ ಬಂದವಳಿಗೆ ಈ ಊರಿನ ಮೊದಲ ವಿಳಾಸವೇ ಈ ಹಿಂಬಾಗಿಲು.
ಮನೆಯಿಂದ ಏಳು ನಿಮಿಷ, ಹಿಮದಲ್ಲಿ ಹನ್ನೊಂದು.
ಹೊಸ ಜಾಗಕ್ಕೆ ಬಸ್ಸಿಲ್ಲ, ಫುಟ್‌ಪಾತೂ ಇಲ್ಲ.
"ಜಾಗ ಚೆನ್ನಾಗಿದೆ" ಎಂದಳು, ದಿಂಬಿನ ಚೀಲ ಕೊಡವುತ್ತ,
"ನನ್ನ ಕಾಲನ್ನು ಯಾರೂ ಕೇಳಲಿಲ್ಲ, ಅಷ್ಟೆ."

ಇನ್ನು ಲೈಲ್ ಓಬರ್ಗ್. ಗೂಡ್ಸ್ ರೈಲಿನ ಡ್ರೈವರು.
ವಾರಕ್ಕೆರಡು ರಾತ್ರಿ, ಯಾವಾಗಲೂ ನೂರ ಹದಿನಾಲ್ಕು.
ಅಲ್ಲಿಂದ ಯಾರ್ಡಿನ ಸಿಗ್ನಲ್ ಕಾಣುತ್ತದೆ,
ಕೆಂಪು ಹಸಿರಾಗುವುದು ನೋಡದೆ ಆತನಿಗೆ ನಿದ್ದೆ ಹತ್ತದು.
ಹೊಸದರಲ್ಲೂ ನೂರ ಹದಿನಾಲ್ಕು ಇದೆಯಾ, ಎಂದು ಕೇಳಿದ.
ನಕ್ಷೆ ನೋಡಿದೆ. ಅಲ್ಲಿ ಬಟ್ಟೆ ಒಣಗಿಸುವ ಯಂತ್ರಗಳು.
"ಇದೆ" ಎಂದೆ. "ಬೆಚ್ಚಗಿರುತ್ತದೆ."
ನಕ್ಕನೋ ಇಲ್ಲವೋ, ಟೋಪಿ ಅಡ್ಡ ಬಂತು.

ಅಕ್ಷರಗಳು ಇಳಿದವು. ನೆಲದಲ್ಲಿ ಬಿದ್ದಾಗ ಗೊತ್ತಾಯಿತು,
ಒಂದೊಂದೂ ನನಗಿಂತ ಎತ್ತರ, ಒಳಗೆ ಗುಬ್ಬಿಗೂಡು.
ಇಳಿದರೂ ಹೋಗಲಿಲ್ಲ:
ಬಿಸಿಲು ತಾಗದ ಕಡೆ ಬಣ್ಣ ಹೊಸದಾಗಿಯೇ ಉಳಿದು
ಗೋಡೆಯೇ ಹೆಸರನ್ನು ಓದುತ್ತಿತ್ತು.
ಫೋಟೋ ತೆಗೆದು ಕಳಿಸಿದೆವು. ಬಳಿಯಿರಿ ಎಂದರು. ಬಳಿದೆವು.
ಇನ್ನೊಮ್ಮೆ ಎಂದರು. ಮೂರನೆಯ ಸಲ ವರ್ಲೀನಳೇ ಏಣಿ ಹತ್ತಿದಳು,
ಮೊದಲ ಅಕ್ಷರದ ಮುಂದೆ ಕುಂಚ ಹಿಡಿದು
ಸ್ವಲ್ಪ ಹೊತ್ತು ಸುಮ್ಮನಿದ್ದಳು.

ಈಗ ನಾಲ್ಕು ಅಂತಸ್ತು, ಲಿಫ್ಟು, ತಾನೇ ಸರಿಯುವ ಬಾಗಿಲು.
ಕೋಣೆಗಳು ತುಂಬುತ್ತವೆ, ಸುಳ್ಳು ಹೇಳಲಾರೆ.
ವರ್ಲೀನ್ ಬ್ಯಾಂಕಿನವರ ಜೊತೆ ಜೋರಾಗಿ ಮಾತಾಡುತ್ತಾಳೆ.
ಹೋದನ್‌ಳನ್ನು ನನ್ನ ಕಾರಿನಲ್ಲಿ ಕರೆತರುತ್ತೇನೆ,
ನನ್ನ ಪಾಳಿ ಮುಗಿಯುವುದು, ಅವಳದು ಶುರುವಾಗುವುದು
ಒಂದೇ ಹೊತ್ತಿಗೆ; ಹಾಗಾಗಿ ಹೋಗಿ ಬಂದು, ಮತ್ತೆ ಹೋಗುತ್ತೇನೆ.
ಲೈಲ್ ಒಂದು ಸಲ ಬಂದ. ಕಿಟಕಿಯಲ್ಲಿ ಬರೀ ಹೆಡ್‌ಲೈಟು.
ಮತ್ತೆ ಬಂದಿಲ್ಲ.

ನಿನ್ನೆ ರಾತ್ರಿ ಎರಡೂವರೆಗೆ ಫೋನು.
"ನಿಮ್ಮ ಹೋಟೆಲಿನ ಮುಂದೆಯೇ ಇದ್ದೇನೆ, ಬಾಗಿಲು ತೆರೆಯುತ್ತಿಲ್ಲ."
ಹಳೆಯ ನಕ್ಷೆ ನಂಬಿದವನು, ಪಾಪ.
ಅದು ನಾವಲ್ಲ ಸ್ವಾಮಿ, ದಕ್ಷಿಣಕ್ಕೆ ನಾಲ್ಕು ಮೈಲಿ, ದೊಡ್ಡ ಕಂಬ, ಎಂದೆ.
"ಗೋಡೆ ತುಂಬ ನಿಮ್ಮ ಹೆಸರೇ ಇದೆಯಲ್ಲ!"
ನಾನು ಕಿಟಕಿಯತ್ತ ನೋಡಿದೆ, ಇಲ್ಲಿ ನೆಲ ಒಣಗಿತ್ತು.
ಅಲ್ಲಿ ಮಳೆ ಬರುತ್ತಿದೆಯೇ, ಎಂದು ಕೇಳಿದೆ.